‘ಹೌದ್ರಿ’ ಅಂದರೆ ಒಪ್ಪಿಗೆಯಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯಲ್ಲಿ ಕಳೆದ ಮೂರು ದಶಕಗಳಿಂದ ಕನ್ನಡ ಕಲಿತವರ ನಡುವೆ ಪ್ರೊ. ಸಗೀರಾ ನದಾಫ ಅವರ ಹೆಸರು ಹೇಳಿದರೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂಡದವರು ಇರಲಾರರು. ಛಂದಸ್ಸು ಕಲಿಸುವವರು, ಅಲಂಕಾರ ಕಲಿಸುವವರು, ಪರೀಕ್ಷೆಗೆ ಬರುವಷ್ಟನ್ನೇ ಕಲಿಸುವವರು ನಮ್ಮ ಭಾಗದಲ್ಲಿ ಬೇಕಾದಷ್ಟಿದ್ದಾರೆ. ಒಂದು ವಾಕ್ಯ ಯಾರನ್ನು ಅಂಗಳದಲ್ಲಿ ತಂದು ನಿಲ್ಲಿಸುತ್ತದೆ, ಯಾರನ್ನು ಬಾಗಿಲ ಹಿಂದೆ ಅಡಗಿಸುತ್ತದೆ, ಅದೇ ಸಂಗತಿಯನ್ನು ಬೇರೆ ಕ್ರಿಯಾಪದದಲ್ಲಿ ಹೇಳಿದಾಗ ಅದು ಕೇಳುಗನ ಕಣ್ಣಿಗೆ ಹೇಗೆ ಬೇರೆಯದೇ ಸಂಗತಿಯಾಗಿ ಕಾಣುತ್ತದೆ ಎಂಬುದನ್ನು ಪಾಠದ ನಡುಮನೆಗೆ ತಂದು ಕೂಡಿಸಿದವರು ಸಗೀರಾ ಅವರು. ಕತೆಯೂ ವಾದವೂ ಹುಟ್ಟುವುದು ಒಂದೇ ಬಾಯಿಯಿಂದ, ಕೆಡುವುದೂ ಒಂದೇ ಬಾಯಿಯಿಂದ ಎಂಬುದು ಅವರ ನಂಬಿಕೆ.

ಇಂಥವರ ಸನ್ಮಾನದ ಆಹ್ವಾನ ಪತ್ರಿಕೆಯಲ್ಲಿ ಅವರನ್ನು ‘ಸಹನಾಮೂರ್ತಿ, ಕರುಣಾಮಯಿ, ಕ್ಷಮೆಯ ಸಾಕಾರ’ ಎಂದು ಬಣ್ಣಿಸಲಾಗಿದೆ. ಬಣ್ಣಿಸಿದವರು ಯಾರೆಂದು ಕೇಳಿದರೆ ಸನ್ಮಾನ ಸಮಿತಿಯವರು ಅಚ್ಚುಕೂಟದ ಕಡೆ ಕೈ ತೋರಿಸುತ್ತಾರೆ. ‘ಲಾಗಿದೆ’ ಎಂದು ಮುಗಿಯುವ ವಾಕ್ಯವನ್ನು ಕಂಡರೆ ಮೊದಲು ಅದರ ಕರ್ತೃವನ್ನು ಹಿಡಿದು ತನ್ನಿ ಎಂದು ಮಕ್ಕಳನ್ನು ಬೆನ್ನಟ್ಟುತ್ತಿದ್ದ ಅಧ್ಯಾಪಕಿಗೆ ಕೊನೆಗೆ ಸಿಕ್ಕ ಮರ್ಯಾದೆ ಇದು. ಪತ್ರಿಕೆಯನ್ನು ಕೈಗಿಟ್ಟಾಗ ಸಗೀರಾ ಅವರು ಕನ್ನಡಕ ಏರಿಸಿ ಓದಿ, “ಸಹನಾಮೂರ್ತಿ ಅಂದ್ರ ಯಾರ್ರಿ? ಮೂರ್ತಿ ಅಂದ್ರ ಕಲ್ಲು. ಕಲ್ಲಿಗೆ ಸನ್ಮಾನ ಮಾಡಾಕ ನಾ ಯಾಕ ಬರಬೇಕು?” ಎಂದರು. ಅವರು ಸಹನೆಯವರಲ್ಲ. ಕ್ಷಮೆ ಎಂಬ ಪದದ ಮೇಲಂತೂ ಅವರಿಗೆ ಒಂದು ಹಳೆಯ ಲೆಕ್ಕವಿದೆ. ಆ ಲೆಕ್ಕವನ್ನು ಬಿಟ್ಟು ಅವರ ಸೇವೆಯ ಬಗ್ಗೆ ಬರೆಯುವುದೆಂದರೆ ಅವರನ್ನು ನಿಜವಾಗಿಯೂ ಕಲ್ಲು ಮಾಡಿ ನಿಲ್ಲಿಸಿದಂತೆ.

ಸಗೀರಾ ಅವರು ಹುಟ್ಟಿದ್ದು ಇಂಡಿಯಲ್ಲಿ, ಅರಳೆ ಹಿಂಜಿ ಗಾದಿ ಹೊಲಿಯುವ ಮನೆಯಲ್ಲಿ. ತಾಯಿ ಖಾತುನಬಿ ಸೂಜಿ ದಾರ ಹಿಡಿದು ಕೂತಳೆಂದರೆ ಓಣಿಯ ಮಕ್ಕಳು ಅರಳೆಯ ರಾಶಿಯ ಸುತ್ತ ಬಂದು ಕೂಡುತ್ತಿದ್ದವು. ಆಕೆಯ ಕತೆಗೆ ಒಂದೇ ಕರಾರು. ಪ್ರತಿ ಮಾತಿಗೂ ಕೇಳುವವರು ‘ಹೌದ’ ಅನ್ನಬೇಕು. ಮಕ್ಕಳು ತೂಕಡಿಸಿದರೆ ಖಾತುನಬಿ ಸೂಜಿಯನ್ನು ಗಾದಿಗೆ ಚುಚ್ಚಿ ನಿಲ್ಲಿಸಿ, “ಹೌದ ಅನ್ರ್ಯೋ, ಇಲ್ಲಂದ್ರ ಕತಿ ದಾರಿ ತಪ್ಪತೈತಿ” ಎನ್ನುತ್ತಿದ್ದಳು. ಕತೆಯಲ್ಲಿ ನರಿ ಹುಲಿಯನ್ನು ಮದುವೆಯಾದರೂ ಹೌದ, ಬಾವಿ ನಡೆದುಕೊಂಡು ಊರು ಬಿಟ್ಟು ಹೋದರೂ ಹೌದ. ಬಾವಿ ನಡೆಯಿತೆಂದು ಆ ಮಕ್ಕಳಲ್ಲಿ ಯಾರೂ ನಂಬಿರಲಿಲ್ಲ. ಹೇಳುವವಳು ಒಬ್ಬಂಟಿಯಲ್ಲ, ಎದುರಿಗೆ ಕಿವಿಗಳಿವೆ ಎಂದು ತಿಳಿಸುವುದಕ್ಕೆ ಅವರು ಹಾಗೆ ಅನ್ನುತ್ತಿದ್ದರು, ಅಷ್ಟೆ.

ಧಾರವಾಡದಲ್ಲಿ ಎಂ.ಎ. ಮುಗಿಸಿ, ನಾಲ್ಕು ತಾಲೂಕುಗಳಲ್ಲಿ ಶಾಖೆಗಳಿರುವ ನಮ್ಮ ಶಿಕ್ಷಣ ಸಂಸ್ಥೆಯ ಇಂಡಿ ಪ್ರೌಢಶಾಲೆಯಲ್ಲಿ ಅವರು ಕೆಲಸಕ್ಕೆ ಸೇರಿದರು. ಮೊದಲ ವರ್ಷ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅವರ ಪಾಠ ಕೇಳಿ ಮೆಚ್ಚಿ, ಎಲ್ಲ ಶಿಕ್ಷಕರ ಎದುರಿಗೆ, “ನಿಮ್ಮ ಕನ್ನಡ ಬಹಳ ಚೆನ್ನಾಗಿದೆಯಲ್ಲಮ್ಮ, ಎಲ್ಲಿ ಕಲಿತಿರಿ?” ಎಂದು ಕೇಳಿದರು. ಮೆಚ್ಚುಗೆಯ ಉಡುಪು ತೊಟ್ಟ ಈ ಪ್ರಶ್ನೆಯನ್ನು ಸಗೀರಾ ಅವರು ಆಮೇಲೆ ಸೇವೆಯುದ್ದಕ್ಕೂ ಕೇಳಿಸಿಕೊಳ್ಳಬೇಕಾಯಿತು. ಆ ದಿನ ಅವರು ತಲೆ ಬಗ್ಗಿಸಲಿಲ್ಲ.

“ಇಂಡ್ಯಾಗ ಹುಟ್ಟೇನ್ರಿ ಸರ, ಹೊಟ್ಟ್ಯಾಗಿದ್ದಾಗಿಂದ ಕೇಳೇನಿ. ನೀವೆಲ್ಲಿ ಕಲಿತ್ರಿ?”

ಮುಖ್ಯೋಪಾಧ್ಯಾಯರು ಚಹಾದ ಲೋಟವನ್ನು ಅಡ್ಡ ಹಿಡಿದು ನಗು ಮುಚ್ಚಿಕೊಂಡರಂತೆ. ಅಧಿಕಾರಿ ತಮ್ಮ ವರದಿಯಲ್ಲಿ ‘ಶಿಕ್ಷಕಿಯ ನಡವಳಿಕೆಯಲ್ಲಿ ವಿನಯದ ಕೊರತೆ ಕಂಡುಬರುತ್ತದೆ’ ಎಂದು ಬರೆದರು. ಕಂಡವರು ಯಾರೆಂದು ಬರೆಯಲಿಲ್ಲ.

ಸಿಂದಗಿಯ ಪದವಿಪೂರ್ವ ಕಾಲೇಜಿಗೆ ವರ್ಗವಾದ ಮೇಲೆ ಅವರ ಪಾಠಕ್ಕೆ ಒಂದು ಹೊಸ ಹುಚ್ಚು ಹತ್ತಿತು. ಅನುವಾದಿತ ಕಾದಂಬರಿಗಳನ್ನು ತಮ್ಮ ಕೈಚೀಲದಲ್ಲಿ ಹೊತ್ತು ತಂದು, ಪಠ್ಯ ಮುಗಿದ ಮೇಲಿನ ಹೊತ್ತಿನಲ್ಲಿ ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ಸಿಂದಗಿಯ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಮಕ್ಕಳು ಹಿಮದ ಮೇಲೆ ಜಾರುವ ಗಾಡಿಗಳ ಬಗ್ಗೆ ಓದಿದರು. ಒಂದು ದಿನ ರಷ್ಯಾದ ಹಳ್ಳಿಯ ಕತೆಯೊಂದನ್ನು ಓದುತ್ತಿದ್ದಾಗ ಯುನೂಸ ಎಂಬ ಹುಡುಗ ನಡುವೆಯೇ ನಿಲ್ಲಿಸಿದ.

“ಮೇಡಂ, ಈ ರಷ್ಯಾದ ಆಳು ಮೈಸೂರಾಗ ಸಾಲಿ ಕಲಿತಾನೇನ್ರಿ? ಭಾಳ ಶುದ್ಧ ಮಾತಾಡ್ತಾನ.”

ತರಗತಿ ನಕ್ಕಿತು. ಸಗೀರಾ ಅವರು ನಗಲಿಲ್ಲ. ಹುಡುಗ ಓದುತ್ತಿದ್ದ ವಾಕ್ಯವನ್ನು ಹಲಗೆಯ ಮೇಲೆ ಬರೆಸಿದರು. ‘ಜಮೀನುದಾರನು ಆಳನ್ನು ಆ ಚಳಿಗಾಲದ ಮುಂಜಾನೆ ಸೇವೆಯಿಂದ ಬಿಡುಗಡೆಗೊಳಿಸಿದನು, ಆಳು ವಿನಮ್ರನಾಗಿ ನಿರ್ಗಮಿಸಿದನು.’ ಈಗ ಇದನ್ನು ನಿಮ್ಮ ಮನೆಯ ಮಾತಿನಲ್ಲಿ ಹೇಳು ಎಂದರು. ಯುನೂಸ ತಲೆ ಕೆರೆದುಕೊಂಡ.

“ಗೌಡ ಅಂವನ್ನ ಥಂಡ್ಯಾಗ ಹೊರಗ ಹಾಕಿದ. ಅಂವ ಹ್ವಾದ.”

ಈ ಸಲ ಯಾರೂ ನಗಲಿಲ್ಲ. ಪುಸ್ತಕದ ಕನ್ನಡದಲ್ಲಿ ಆಳಿಗೆ ಏನೋ ಒಂದು ಬಿಡುಗಡೆ ಸಿಕ್ಕಿತ್ತು, ಅವನಿಗೆ ವಿನಯವಿತ್ತು, ಅವನ ನಿರ್ಗಮನಕ್ಕೊಂದು ಘನತೆ ಇತ್ತು. ಮನೆಯ ಮಾತಿಗೆ ಬಂದೊಡನೆ ಮೈಮೇಲೆ ಸರಿಯಾದ ಬಟ್ಟೆಯಿಲ್ಲದ ಮನುಷ್ಯನೊಬ್ಬ ಬಾಗಿಲ ಹೊರಗೆ ನಿಂತಿದ್ದ. ಅನುವಾದಕರು ಸುಳ್ಳು ಹೇಳಿರಲಿಲ್ಲ; ಆದರೆ ಆ ಭಾಷೆ ಗೌಡನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಕತೆ ಹೇಳಿತ್ತು. ಭಾಷೆಯ ಕುರ್ಚಿ ಎಲ್ಲಿದೆ ಎಂದು ಮೊದಲು ನೋಡಿ, ಆಮೇಲೆ ಕತೆಯನ್ನು ನಂಬಿ ಎಂದು ಸಗೀರಾ ಅವರು ಆ ದಿನ ಹೇಳಿದ್ದನ್ನು ಯುನೂಸ ಇಂದಿಗೂ ಸಿಂದಗಿಯ ತನ್ನ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾನೆ.

ಮುದ್ದೇಬಿಹಾಳದ ಪದವಿ ಕಾಲೇಜಿನ ವರ್ಷಗಳ ಬಗ್ಗೆ ಬರೆಯುವಾಗ ‘ಅಹಿತಕರ ಪ್ರಸಂಗವನ್ನು ಕೈಬಿಡುವುದು ಒಳಿತು’ ಎಂದು ಸೂಚಿಸಲಾಗಿತ್ತು. ಅಲ್ಲಿ ನಡೆದದ್ದು ಇದು.

ಬಿ.ಎ. ಕೊನೆಯ ವರ್ಷದಲ್ಲಿ ರಾಜೇಶ್ವರಿ ಎಂಬ ವಿದ್ಯಾರ್ಥಿನಿ ಇದ್ದಳು. ಕೊಲ್ಹಾರದವಳು. ಹಳೆಯ ಊರು ಹಿನ್ನೀರಿನಲ್ಲಿ ಮುಳುಗಿದ ಮೇಲೆ ಹೊಸ ಊರಿಗೆ ಬಂದು ನೆಲೆಸಿದ ಮನೆತನ. ತಂದೆಗೆ ಕೃಷ್ಣೆಯಲ್ಲಿ ಮೀನು ಹಿಡಿಯುವ ಕೆಲಸ. ಆ ಮನೆಯಿಂದ ಪದವಿಯ ಹೊಸ್ತಿಲವರೆಗೆ ಬಂದವರಲ್ಲಿ ಇವಳೇ ಮೊದಲಿಗಳು. ಇತಿಹಾಸದ ಪರೀಕ್ಷೆಯ ದಿನ ಅವಳ ಬೆಂಚಿನ ಕೆಳಗೆ ಒಂದು ನಕಲು ಚೀಟಿ ಸಿಕ್ಕಿತು. ಕಾಲೇಜು ವಿಚಾರಣಾ ಸಮಿತಿ ಮಾಡಿತು. ಅಧ್ಯಕ್ಷರು ಡಾ. ಸಂಜೀವಕುಮಾರ, ಹಾಸನದ ಕಡೆಯಿಂದ ಆ ವರ್ಷವೇ ಬಂದವರು. ಸದಸ್ಯರು ಇಂಡಿ ತಾಲೂಕಿನ ತಾಂಬಾದವರಾದ ಪ್ರೊ. ರಾಚಪ್ಪ. ಸಮಿತಿಯ ವರದಿ ಮೇಲಕ್ಕೆ ಹೋದರೆ ಹುಡುಗಿ ಮೂರು ವರ್ಷ ಡಿಬಾರ್. ಮೂರು ವರ್ಷ ಮನೆಯಲ್ಲಿ ಕೂತ ಮೇಲೆ ಅವಳು ಮತ್ತೆ ಪರೀಕ್ಷೆಗೆ ಬರುವುದು ಕೃಷ್ಣೆ ಹಿಂದಕ್ಕೆ ಹರಿದಷ್ಟೇ ಸುಲಭ ಎಂಬುದು ಎಲ್ಲರಿಗೂ ಗೊತ್ತಿತ್ತು.

ವಿಚಾರಣೆ ಮುಗಿಸಿಕೊಂಡು ರಾಜೇಶ್ವರಿ ಸಗೀರಾ ಅವರ ಬಳಿಗೆ ಬಂದಾಗ ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. “ಹಾಸನದ ಸರ ಭಾಳ ಛಲೋತ್ನಾಗ ಮಾತಾಡಿದ್ರ್ರಿ. ಒಮ್ಮೀನೂ ಬೈಲಿಲ್ಲ” ಎಂದಳು. ಮರುದಿನ ಸೂಚನಾ ಫಲಕದಲ್ಲಿ ಅವಳ ಹೆಸರಿತ್ತು. ‘ವಿದ್ಯಾರ್ಥಿನಿಯು ಸಮಿತಿಯ ಮುಂದೆ ತನ್ನ ತಪ್ಪನ್ನು ಸಂಪೂರ್ಣವಾಗಿ ಒಪ್ಪಿಕೊಂಡಿರುವುದರಿಂದ, ಮುಂದಿನ ಆದೇಶದವರೆಗೆ ಉಳಿದ ಪತ್ರಿಕೆಗಳಿಗೆ ಕೂಡಿಸತಕ್ಕದ್ದಲ್ಲ.’

“ನಾ ಏನೂ ಒಪ್ಕೊಂಡಿಲ್ಲರಿ ಮೇಡಂ,” ಎನ್ನುತ್ತ ರಾಜೇಶ್ವರಿ ಮತ್ತೆ ಬಂದಳು. “ಆ ಚೀಟಿ ನಂದಲ್ಲರಿ. ಯಾರದೋ ಗೊತ್ತಿಲ್ಲ.”

“ಅವರು ಕೇಳಿದಾಗ ಏನಂದಿ?”

“ಅವರು ಕೇಳ್ಲಿಲ್ರಿ. ಹೇಳಿದ್ರು.”

“ಏನ ಹೇಳಿದ್ರು?”

“ಈ ಚೀಟಿ ನಿನ್ನ ಬೆಂಚಿನ ಕೆಳಗೆ ಸಿಕ್ಕಿದೆ ಅಂದ್ರು, ಹೌದ್ರಿ ಅಂದೆ. ಇದನ್ನ ನೀನು ತಂದಿದೀಯ ಅಂದ್ರು, ಹೌದ್ರಿ ಅಂದೆ. ಇದು ತಪ್ಪು ಅಂದ್ರು, ಹೌದ್ರಿ ಅಂದೆ. ಅವರ ಮಾತು ಮುಗೀಲಿ, ಆಮ್ಯಾಲ ನಂದು ಹೇಳಬೇಕಂತ ಕಾಯಕೋತ ನಿಂತಿದ್ದೆ. ಅಷ್ಟರಾಗ ಆಯ್ತು ಹೋಗಮ್ಮ ಅಂದ್ರು.”

ಸಗೀರಾ ಅವರಿಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಮೈಯೆಲ್ಲ ಉರಿಯಿತು. ಹಿರಿಯರು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕದೆ, ಪ್ರತಿ ಮಾತಿಗೂ ಹೌದ್ರಿ ಎಂದು ಕಿವಿಗೊಡುವುದು ಈ ನೆಲದ ಮಕ್ಕಳಿಗೆ ಹಾಲಿನ ಜೊತೆ ಕುಡಿಸಿದ ಮರ್ಯಾದೆ. ಆ ಮರ್ಯಾದೆಯೇ ಅವಳ ಕುತ್ತಿಗೆಗೆ ಬಂದಿತ್ತು. ಚೀಟಿಯ ಕೈಬರಹವನ್ನು ಅವಳ ಉತ್ತರ ಪತ್ರಿಕೆಯೊಂದಿಗೆ ತಾಳೆ ನೋಡುವ ಗೋಜಿಗೂ ಯಾರೂ ಹೋಗಿರಲಿಲ್ಲ. ಒಪ್ಪಿಕೊಂಡವಳಿಗೆ ತಾಳೆ ಯಾತಕ್ಕೆ?

ಹಾಸನದವರ ಮೇಲೆ ಅವರಿಗೆ ಅಷ್ಟು ಸಿಟ್ಟು ಬರಲಿಲ್ಲ. ಆ ಮನುಷ್ಯನ ಕಿವಿಗೆ ಹೌದು ಎಂದರೆ ಹೌದು. ಅವರ ಸಿಟ್ಟು ನೇರವಾಗಿ ಶಿಕ್ಷಕರ ಕೋಣೆಯಲ್ಲಿ ಚುರುಮುರಿ ತಿನ್ನುತ್ತ ಕೂತಿದ್ದ ರಾಚಪ್ಪನವರ ಎದುರಿಗೆ ಹೋಗಿ ನಿಂತಿತು.

“ರಾಚಪ್ಪಾರ, ಆ ಹುಡುಗಿ ಹೌದ್ರಿ ಅಂದಿದ್ದು ಯಾವ ಹೌದ್ರಿ ಅಂತ ನಿಮಗ ಗೊತ್ತಿರಲಿಲ್ಲೇನ್ರಿ?”

ರಾಚಪ್ಪ ಸುತ್ತ ನೋಡಿ ದನಿ ತಗ್ಗಿಸಿದರು. “ಗೊತ್ತಿತ್ತರಿ ಮೇಡಂ. ನಾವೂ ಇದ ಸೀಮಿಯವ್ರ ಅಲ್ಲೇನ್ರಿ. ಆದ್ರ ಅದು ಆಡಮಾತು. ದಾಖಲೆದಾಗ ಹೆಂಗ ಬರೀಬೇಕು ಅದನ್ನ?”

“ಒಪ್ಕೊಂಡಾಳ ಅಂತ ಬರಿಯಾಕ ಬಂತಲ್ಲ!”

“ಹೊಸಾ ಸಾಹೇಬ್ರ ಮುಂದ ನಮ್ಮ ಹಳ್ಳಿ ಭಾಷಾದ ಪುರಾಣ ತಗದ್ರ ನಗತಾರ್ರಿ. ಮೊದಲ ನಮ್ಮನ್ನ ಒರಟ ಅಂತಾರ.”

ಇಡೀ ಪ್ರಸಂಗದಲ್ಲಿ ಸಗೀರಾ ಅವರನ್ನು ಹೆಚ್ಚು ಸುಟ್ಟ ಮಾತು ಇದು. ಹೊರಗಿನವರ ಅಜ್ಞಾನಕ್ಕೆ ಔಷಧವಿದೆ, ಹೇಳಿದರೆ ತಿಳಿಯುತ್ತದೆ. ತಿಳಿದೂ ತಿಳಿದೂ ತನ್ನ ಬಾಯಿಯ ಬಗ್ಗೆ ತಾನೇ ನಾಚಿ ಸುಮ್ಮನೆ ಕೂಡುವವನಿಗೆ ಏನು ಮಾಡುವುದು? ಊರಿಗೆ ಹೋದಾಗ ರೊಟ್ಟಿಯ ಜೊತೆ ಚಪ್ಪರಿಸಿ ಆಡುವ ಮಾತನ್ನು ಕಚೇರಿಯ ಮೇಜಿನ ಮುಂದೆ ಗುರುತೇ ಇಲ್ಲವೆಂಬಂತೆ ನೂಕುವ ನಮ್ಮ ಓದಿದ ಮಂದಿಯ ಈ ನಾಚಿಕೆ, ಎಷ್ಟು ಠಾಣೆಗಳಲ್ಲಿ, ಎಷ್ಟು ಕಚೇರಿಗಳಲ್ಲಿ, ಎಷ್ಟು ಜನರ ಮರ್ಯಾದೆಯ ದನಿಯನ್ನು ತಪ್ಪೊಪ್ಪಿಗೆಯಾಗಿ ಮಾರಿದೆಯೋ! ಭಾಷೆಯನ್ನು ತಾಯಿ ಎಂದು ಕರೆದು ನವೆಂಬರಿನಲ್ಲಿ ಮೆರವಣಿಗೆ ಮಾಡುವವರೂ ಇವರೇ.

ಸಗೀರಾ ಅವರ ಒತ್ತಾಯಕ್ಕೆ ಪ್ರಾಚಾರ್ಯರು ಸಮಿತಿಯನ್ನು ಮತ್ತೆ ಕೂಡಿಸಿದರು. ಸಗೀರಾ ಅವರು ದೊಡ್ಡ ಭಾಷಣ ಮಾಡುತ್ತಾರೆಂದು ಎಲ್ಲರೂ ಕಾದಿದ್ದರು. ವಿದ್ವತ್ತಿನ ಭಾಷೆಯಲ್ಲಿ ವಾದಿಸಿದರೆ ಅದಕ್ಕೆ ವಿದ್ವತ್ತಿನ ಉತ್ತರ ಬರುತ್ತದೆ, ಹುಡುಗಿ ಫಲಕದ ಮೇಲೆಯೇ ಉಳಿಯುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಅವರು ಕುರ್ಚಿ ಎಳೆದುಕೊಂಡು ರಾಚಪ್ಪನವರ ಕಡೆ ತಿರುಗಿ, ಏನೋ ನೆನಪಾದವರಂತೆ, ಓಣಿಯ ಕಟ್ಟೆಯ ಮೇಲೆ ಕೂತವರಂತೆ ಮಾತು ತೆಗೆದರು.

“ಮೊದಲ ಒಂದ ಮಾತು ಹೇಳ್ತೇನಿ ರಾಚಪ್ಪಾರ. ಹೋದ ಶನಿವಾರ ನೀವು ತಾಂಬಾಕ್ಕ ಹೊಂಟಿದ್ರಿ.”

“ಹೌದ್ರಿ.”

“ಬಾಗೇವಾಡ್ಯಾಗ ಬಸ್ಸು ನಿಂತ್ತು. ಒಬ್ಬಾಕಿ ಮುದುಕಿ ಹತ್ತಿದ್ಲು, ತಲಿ ಮ್ಯಾಲ ಗಂಟು.”

“ಹೌದ್ರಿ.”

“ಬಸ್ಸಿನ್ಯಾಗ ಕಾಲ ಇಡಾಕ ಜಾಗಾ ಇಲ್ಲ.”

“ಹೌದ್ರಿ.”

“ಮುದುಕಿ ನಿಮ್ಮ ಮ್ಯಾಲ ಜೋಲಿ ಹೊಡದ್ರೂ ನೀವು ಕುಂತ ಜಾಗಾ ಬಿಟ್ಟ ಏಳಲಿಲ್ಲ.”

“ಹೌ...” ರಾಚಪ್ಪ ಅರ್ಧಕ್ಕೆ ನಿಂತರು. “ಏ ಮೇಡಂ! ಹೋದ ಶನಿವಾರ ನಾ ಊರಿಗೇ ಹೋಗಿಲ್ಲರಿ! ಎಲ್ಲೀ ಬಸ್ಸು, ಎಲ್ಲೀ ಮುದುಕಿ?”

“ಮತ್ತ ಇಷ್ಟೊತ್ತು ಹೌದ್ರಿ ಹೌದ್ರಿ ಅಂದ್ರಿ?”

“ನೀವು ಹೇಳಾಕತ್ತಿದ್ರಿ. ನಾ ಕೇಳಾಕತ್ತಿದ್ದೆ.”

ಸಗೀರಾ ಅವರು ಅಧ್ಯಕ್ಷರ ಕಡೆ ತಿರುಗಿದರು. “ಬರಕೊಳ್ರಿ ಸರ. ಪ್ರಾಧ್ಯಾಪಕರು ಮುದುಕಿಗೆ ಜಾಗ ಕೊಡದ ತಮ್ಮ ತಪ್ಪನ್ನು ಸಂಪೂರ್ಣವಾಗಿ ಒಪ್ಪಿಕೊಂಡಿರುತ್ತಾರೆ.”

ಡಾ. ಸಂಜೀವಕುಮಾರ ಪೆನ್ನನ್ನು ಮೇಜಿನ ಮೇಲಿಟ್ಟರು. “ಅಂದ್ರೆ, ಕೇಳಿಸ್ಕೋತಾ ಇದೀನಿ ಅನ್ನೋದಕ್ಕೂ ನೀವು ಹೌದು ಅಂತೀರಾ?” ಎಂದು ರಾಚಪ್ಪನವರನ್ನೇ ಕೇಳಿದರು.

“ಹೌದ್ರಿ,” ಎಂದರು ರಾಚಪ್ಪ. ಪ್ರಾಚಾರ್ಯರಿಗೂ ನಗು ತಡೆಯಲಾಗಲಿಲ್ಲ.

ಹಾಸನದವರು ನಗಲಿಲ್ಲ. “ಇದನ್ನ ಆ ದಿನವೇ ನನಗೆ ಯಾಕೆ ಹೇಳಲಿಲ್ಲ?” ಎಂದರು. ಚೀಟಿಯನ್ನೂ ಉತ್ತರ ಪತ್ರಿಕೆಯನ್ನೂ ತರಿಸಿ ಅವರೇ ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ಬೇರೆ ಬೇರೆ ಕೈಗಳು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ನಮ್ಮ ಸಂಸ್ಥೆಗಳಲ್ಲಿ ಸತ್ಯ ಗೊತ್ತಾದ ಮೇಲೆಯೇ ನಿಜವಾದ ಕೆಲಸ ಶುರುವಾಗುತ್ತದೆ. ಫಲಕದ ಮೇಲೆ ಹಾಕಿದ್ದನ್ನು ತಪ್ಪೆಂದು ತೆಗೆದರೆ ಕಾಲೇಜಿನ ಮಾನ ಏನಾಗಬೇಕು? ಪ್ರಾಚಾರ್ಯರು ಒಂದು ಉಪಾಯ ಹುಡುಕಿದರು. ಹುಡುಗಿ ಒಂದು ಕ್ಷಮಾಪಣೆ ಬರೆದು ಸಹಿ ಮಾಡಲಿ, ಸಮಿತಿ ಮಾನವೀಯ ನೆಲೆಯಲ್ಲಿ ಕ್ಷಮಿಸಲಿ, ನಾಳೆಯ ಪರೀಕ್ಷೆಗೆ ಅವಳು ಕೂಡಲಿ. ಕ್ಷಮಾಪಣೆಯನ್ನು ಅವರೇ ಟೈಪ್ ಮಾಡಿಸಿ ತಂದಿದ್ದರು.

“ಕ್ಷಮಿಸಾಕ ತಪ್ಪು ಎಲ್ಲೈತ್ರಿ?” ಎಂದರು ಸಗೀರಾ ಅವರು.

“ಶಬ್ದಕ್ಕ ಯಾಕ ಜಗಳಾಡ್ತೀರಿ ಮೇಡಂ? ಹುಡುಗಿ ಭವಿಷ್ಯ ನೋಡ್ರಿ. ಒಂದ ಸಹಿ.”

ಶಬ್ದಕ್ಕೆ ಯಾಕೆ ಜಗಳ! ಶಬ್ದದಿಂದಲೇ ಹುಡುಗಿಯನ್ನು ಕಳ್ಳಿ ಮಾಡಿದವರು ಕೇಳುವ ಪ್ರಶ್ನೆಯೇ ಇದು? ಆದರೆ ಆ ಸಂಜೆ ಸಗೀರಾ ಅವರ ಮನಸ್ಸು ಅಷ್ಟು ಗಟ್ಟಿಯಾಗಿರಲಿಲ್ಲ. ಒಂದು ಸಹಿ, ನಾಳೆ ಪರೀಕ್ಷೆ, ಬೇಸಿಗೆಗೆ ಫಲಿತಾಂಶ. ಪದವೊಂದರ ಹಟಕ್ಕೆ ಬೇರೆಯವರ ಮಗಳ ವರ್ಷವನ್ನು ಪಣಕ್ಕಿಡುವ ಹಕ್ಕು ತಮಗೆ ಯಾರು ಕೊಟ್ಟರು ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಕಾಗದವನ್ನು ರಾಜೇಶ್ವರಿಯ ಕೈಗೆ ಕೊಟ್ಟು, ಗಟ್ಟಿಯಾಗಿ ಓದು ಎಂದಷ್ಟೇ ಹೇಳಿದರು.

“‘ನನ್ನಿಂದ ಅಚಾತುರ್ಯದಿಂದ ಜರುಗಿದ ತಪ್ಪಿಗೆ ವಿಷಾದಿಸುತ್ತ...’ ಜರುಗಿದ ಅಂದ್ರ ನಾ ಮಾಡಿದ್ದು ಅಂತೇನ್ರಿ?”

“ನೀ ಮಾಡಿದ್ದು ಅಂತ. ಸ್ವಲ್ಪ ಮೆತ್ತಗ ಹೇಳ್ಯಾರ.”

“ಸಹಿ ಮಾಡ್ಲೇನ್ರಿ?”

“ನಾ ಹೇಳೂದಿಲ್ಲವ್ವ. ನಾ ಏನ ಹೇಳಿದ್ರೂ ನೀ ಹೌದ್ರಿ ಅಂತಿ.”

ರಾಜೇಶ್ವರಿ ಕಾಗದವನ್ನು ಮತ್ತೊಮ್ಮೆ, ಈ ಸಲ ತುಟಿ ಅಲುಗಿಸದೆ ಓದಿದಳು. ಪ್ರಾಚಾರ್ಯರು ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದರು. ಅವಳು ಕಾಗದವನ್ನು ಮೇಜಿನ ಮೇಲಿಟ್ಟು, ಎರಡು ಬೆರಳಿನಿಂದ ಅವರ ಕಡೆಗೆ ಸರಿಸಿದಳು.

“ಒಲ್ಲೆರಿ.”

ಎಷ್ಟು ಚಿಕ್ಕ ಮಾತು! ಒಪ್ಪುವುದಿಲ್ಲ, ಬೇಡ, ನನ್ನಿಂದಾಗದು ಎಂದು ಬೇರೆಯವರು ಮೂರು ದಾರಿಯಲ್ಲಿ ಸುತ್ತಿ ಬರುವಲ್ಲಿಗೆ ನಮ್ಮ ಜನ ಒಂದೇ ಹೆಜ್ಜೆಯಲ್ಲಿ ತಲುಪುತ್ತಾರೆ. ಅದಕ್ಕೆ ಎರಡನೆಯ ಅರ್ಥ ಹಚ್ಚಲು ಯಾವ ಸಮಿತಿಗೂ ಸಾಧ್ಯವಿರಲಿಲ್ಲ. ಡಾ. ಸಂಜೀವಕುಮಾರ ಕೂಡ, ಇದಂತೂ ನನಗೆ ಅರ್ಥವಾಯಿತು ಎಂದರಂತೆ.

ಆ ಒಲ್ಲೆಗೆ ಬೆಲೆ ತೆರಬೇಕಾಯಿತು. ಕ್ಷಮಾಪಣೆ ಇಲ್ಲದೆ ಪ್ರಾಚಾರ್ಯರು ಉಳಿದ ಪತ್ರಿಕೆಗಳಿಗೆ ರಾಜೇಶ್ವರಿಯನ್ನು ಕೂಡಿಸಲಿಲ್ಲ. ವಾರಿಗೆಯವರೆಲ್ಲ ಪಾಸಾಗಿ ಬಿ.ಇಡಿ. ಸೇರಿದಾಗ ಅವಳು ಕೊಲ್ಹಾರದಲ್ಲಿ ತಂದೆಯ ಬಲೆ ಹೊಲಿಯುತ್ತಿದ್ದಳು. ಸಗೀರಾ ಅವರು ಪ್ರತಿ ವಾರ ಅರ್ಜಿ ಬರೆದರು, ಆಡಳಿತ ಮಂಡಳಿಯ ಬಾಗಿಲಲ್ಲಿ ಕೂತರು, ಕಾಣಬೇಕಾದವರನ್ನೆಲ್ಲ ಕಂಡರು. ಅವರ ಜೊತೆ ಕೊನೆಯವರೆಗೂ ನಿಂತವರು ಆ ಹಾಸನದ ಮನುಷ್ಯ ಎಂಬುದನ್ನು ಇಲ್ಲಿ ದಾಖಲಿಸುವುದು ಋಣ. ಆರು ತಿಂಗಳ ಮೇಲೆ ಮಂಡಳಿ ಮಣಿದಾಗ ಅವರು ಹಳೆಯ ವರದಿಯನ್ನು ಹಿಂಪಡೆದು ತಮ್ಮ ಕೈಯಾರೆ ಬರೆದರು: ‘ಈ ವಿದ್ಯಾರ್ಥಿನಿ ತಪ್ಪು ಮಾಡಿಲ್ಲ. ಅವಳ ಮಾತನ್ನು ನಾನು ತಪ್ಪಾಗಿ ಕೇಳಿಸಿಕೊಂಡೆ.’ ಆ ಎರಡನೆಯ ವಾಕ್ಯದಲ್ಲಿ ‘ನಾನು’ ಇದ್ದದ್ದನ್ನು ಕಂಡು ಸಗೀರಾ ಅವರು ಕಣ್ಣು ಒರೆಸಿಕೊಂಡರು. ರಾಜೇಶ್ವರಿ ಮುಂದಿನ ಪರೀಕ್ಷೆಯಲ್ಲಿ ಪಾಸಾದಳು. ಸಗೀರಾ ಅವರನ್ನು ‘ಆಡಳಿತಾತ್ಮಕ ಕಾರಣಗಳಿಗಾಗಿ’ ಬಸವನ ಬಾಗೇವಾಡಿಗೆ ವರ್ಗಾಯಿಸಲಾಯಿತು.

ಗೆದ್ದದ್ದು ಪೂರ್ತಿ ಗೆಲುವೂ ಆಗಿರಲಿಲ್ಲ. ಹೊಸ ಆದೇಶ ಕೈಗಿಟ್ಟ ದಿನ ಪ್ರಾಚಾ‍ರ್ಯರು, “ಈಗ ಸಮಾಧಾನ ಆತೇನವ್ವ?” ಎಂದು ನಗುತ್ತ ಕೇಳಿದರು. ರಾಜೇಶ್ವರಿ ಅವರ ಮುಖವನ್ನೇ ನೋಡುತ್ತ ನಿಂತಳು, ತುಟಿ ಎರಡು ಮಾಡಲಿಲ್ಲ. ಹೊರಗೆ ಬಂದ ಮೇಲೆ ಸಗೀರಾ ಅವರು, ಹಿರೇರು ಕೇಳಿದ್ರ ಒಂದ ಮಾತರ ಅನ್ನಬಾರದೇನ ಎಂದು ಮೆಲ್ಲಗೆ ಗದರಿಸಿದರು.

“ಏನಂದ್ರೂ ಬರಕೋತಾರ್ರಿ ಮೇಡಂ,” ಎಂದಳು ಹುಡುಗಿ.

ಇಷ್ಟು ವರ್ಷ ಮಾತು ಕಲಿಸಿದವರ ಎದುರಿಗೆ ಒಂದು ಬಾಯಿ ಮುಚ್ಚಿಕೊಂಡಿತ್ತು. ಕಿತ್ತುಕೊಂಡ ವರ್ಷವನ್ನು ಮರಳಿ ಕೊಡಬಹುದು. ಎದುರಿನವರನ್ನು ನಂಬಿ ಆಡುವ ಸಲಿಗೆಯನ್ನು ಕಿತ್ತುಕೊಂಡವರು ಅದನ್ನು ಯಾವ ಆದೇಶದಲ್ಲಿ ಮರಳಿ ಕೊಡುತ್ತಾರೆ? ಈ ಪ್ರಸಂಗಕ್ಕೆ ಆಹ್ವಾನ ಪತ್ರಿಕೆ ಇಟ್ಟಿರುವ ಹೆಸರು ‘ಕ್ಷಮೆ’.

ಈಗ ಅವರು ನಿವೃತ್ತರು. ಬಸವನ ಬಾಗೇವಾಡಿಯ ಬಾಡಿಗೆ ಮನೆಯ ಪಡಸಾಲೆಗೆ ಭಾನುವಾರ ಜನ ಬರುತ್ತಾರೆ. ಠಾಣೆಗೆ, ಕಚೇರಿಗೆ, ಕೋರ್ಟಿಗೆ ಹೋಗಬೇಕಾದವರು ಹೋಗುವ ಮೊದಲು ಅಲ್ಲಿ ಕೂತು ತಾಲೀಮು ಮಾಡುತ್ತಾರೆ. ಸಾಹೇಬನ ಪಾತ್ರ ರಾಜೇಶ್ವರಿಯದು. ಬಿ.ಇಡಿ. ಮುಗಿಸಿ ಕೊಲ್ಹಾರದ ಶಾಲೆಯೊಂದರಲ್ಲಿ ಕಲಿಸುತ್ತಿರುವ ಅವಳು ವಾರವಿಡೀ ಮಕ್ಕಳ ಜೊತೆ ಕೂಗಿದ ಗಂಟಲಿನಲ್ಲಿಯೇ ಬಂದು ಕುರ್ಚಿ ಹಿಡಿಯುತ್ತಾಳೆ. ಮೊನ್ನೆ ಕಸ್ತೂರೆವ್ವ ಎಂಬ ಹಿರಿಯ ಹೆಂಗಸು ಬಂದಿದ್ದಳು. ಮಗ್ಗುಲ ಹೊಲದವನು ಬದು ಒತ್ತಿ ತನ್ನ ನೆಲ ನುಂಗಿದ್ದಾಳೆಂದು ಈಕೆಯ ಮೇಲೆ ದೂರು ಕೊಟ್ಟಿದ್ದ. ಸಗೀರಾ ಅವರು ಗೋಡೆಗೆ ಒರಗಿ ಚಹಾ ಕುಡಿಯುತ್ತ ನೋಡುತ್ತಿದ್ದರು.

“ಬದು ಒತ್ತಿದಾಕಿ ನೀನ,” ಎಂದು ಸಾಹೇಬನ ದನಿಯಲ್ಲಿ ರಾಜೇಶ್ವರಿ ಗುಡುಗಿದಳು.

“ಹೌದ್ರಿ ಸಾಹೇಬ್ರ...”

ರಾಜೇಶ್ವರಿ ಮೇಜು ಬಡಿದಳು. “ಸತ್ತಿ ನೋಡ ಆಯಿ! ಬರಕೊಂಡೆ! ಹೊಲಾ ಹೋತು!”

“ಏ ನಿನ ಬಾಯಾಗ ಮಣ್ಣ ಹಾಕಲಿ! ಇನ್ನೂ ನನ್ನ ಮಾತು ಮುಗದಿಲ್ಲಲ್ಲ!”

“ಹಂಗಂದ್ರ ಅದನ್ನ ಅನ್ನು. ‘ನೀವು ಹೇಳಿದ್ದು ಕೇಳಿಸ್ತು, ನಾ ಒಪ್ಪಿಲ್ಲ’ ಅನ್ನು. ಗಟ್ಟಿಯಾಗಿ ಅನ್ನು.”

ಪಡಸಾಲೆಯಲ್ಲಿ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಕಸ್ತೂರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಾಹೇಬನ ಮುಖಕ್ಕೆ ಬೆರಳು ನೀಡಿ ಮೂರು ಸಲ ಅಂದಳು. ಮೂರನೆಯ ಸಲ ಬೀದಿಯಲ್ಲಿ ಹೋಗುತ್ತಿದ್ದ ಆಟೋದವನು ತಿರುಗಿ ನೋಡಿದ.

ಈ ಪಡಸಾಲೆಗೆ ಪಿಂಚಣಿಯಿಲ್ಲ, ಪ್ರಶಸ್ತಿಯಿಲ್ಲ, ಮೇಲಿನಿಂದ ಬಂದ ಯಾವ ಆದೇಶವೂ ಇಲ್ಲ. ಪ್ರೊ. ಸಗೀರಾ ನದಾಫ ಅವರಿಗೆ ಗಟ್ಟಿಯಾದ ಆಯುಷ್ಯವಿರಲಿ, ಗಂಟಲು ಕಟ್ಟದಿರಲಿ, ಮಂಡಿನೋವು ದೂರವಿರಲಿ. ನಾಲ್ಕು ತಾಲೂಕುಗಳ ಕೊನೆಯ ಮನುಷ್ಯ ಕಚೇರಿಯ ಮೇಜಿನ ಮುಂದೆ ತನ್ನ ಮಾತನ್ನು ತಾನೇ ಮುಗಿಸಿ ಹೊರಬರುವವರೆಗೂ ಆ ಬಾಗಿಲು ತೆರೆದಿರಲಿ, ಅವರ ಸಿಟ್ಟು ಒಂದು ದಿನವೂ ನಿವೃತ್ತಿ ಪಡೆಯದಿರಲಿ.